ಜೀಪಿನಲ್ಲಿಟ್ಟ ಆರತಿ ತಟ್ಟೆ

ನಂದಾ ಇಂಜಿನಿಯರಿಂಗ್ ಓದಿದ್ದು ಆರತಿ ಎತ್ತುವುದಕ್ಕಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳ ಕಚೇರಿಯವರಿಗೆ ಇದು ಇವತ್ತಿಗೂ ತಿಳಿದಂತಿಲ್ಲ.

ನಾನು ವೃಂದಾ, ನವಲಗುಂದದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ನಂದಾ ಬಾಡಿಗೆಗೆ ಇದ್ದಾಳೆ. ಅವಳಿಗೂ ನಮಗೂ ಹಿತ್ತಿಲು ಒಂದೇ, ಬಟ್ಟೆ ಒಣಹಾಕುವ ತಂತಿ ಒಂದೇ. ಹೀಗಾಗಿ ಅವಳ ಬದುಕಿನ ಬಹಳಷ್ಟು ಸಂಗತಿಗಳು ನನ್ನ ಅಡಿಗೆಮನೆಯ ಕಿಟಕಿಯ ಮುಂದೆಯೇ ನಡೆದಿವೆ. ರಸ್ತೆ, ಸೇತುವೆ, ಕಟ್ಟಡಗಳನ್ನು ಕಟ್ಟಿಸುವ ಒಂದು ಸರಕಾರಿ ಕಚೇರಿಯಲ್ಲಿ ಅವಳು ಇಂಜಿನಿಯರು. ಆ ಕಚೇರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ ಅಂತಲ್ಲ, ಉಳಿದ ಕಚೇರಿಗಳವರು ತಾವು ಹಾಗಲ್ಲ ಎಂದು ಬೀಗುತ್ತಾರೆ ಅಂತ.

ಅವಳ ತವರು ಗುಡಗೇರಿ. ತಂದೆ ಕುಬೇರಪ್ಪ ಹೊಲಮನೆ ಇದ್ದವರು, ಜೊತೆಗೆ ಕಾಳಿನ ವ್ಯಾಪಾರ. ನಂದಾ ಸಣ್ಣವಳಿದ್ದಾಗ ಸ್ಟೇಷನ್ನಿನ ಬಾಜುವಿನಲ್ಲಿ ಏನೋ ಕೆಲಸ ನಡೆದಿತ್ತಂತೆ. ಒಬ್ಬ ಮನುಷ್ಯ ಮೂರು ಕಾಲಿನ ದುರ್ಬೀನಿಗೆ ಕಣ್ಣು ಹಚ್ಚಿ ಕೈ ಬೀಸಿದರೆ ದೂರದಲ್ಲಿದ್ದವರು ಗೂಟ ಕಿತ್ತು ಬೇರೆ ಕಡೆ ಬಡಿಯುತ್ತಿದ್ದರು. ಶಾಲೆಯಿಂದ ಬರುತ್ತ ಆಕೆ ಹಸಿವು ಮರೆತು ನಿಂತು ಅದನ್ನು ನೋಡುತ್ತಿದ್ದಳು. ಒಬ್ಬರು ಕೈ ಬೀಸಿದರೆ ಭೂಮಿಯ ಮೇಲೆ ಗೆರೆ ಬೀಳುತ್ತದಲ್ಲ, ಆ ಕೈ ತನ್ನದಾಗಬೇಕು ಅಂದುಕೊಂಡಳು. ಬೇರೆ ಹುಡುಗಿಯರು ಆ ವಯಸ್ಸಿನಲ್ಲಿ ಏನು ಬಯಸುತ್ತಿದ್ದರೋ ನನಗೆ ಗೊತ್ತಿಲ್ಲ, ನಾನಂತೂ ಪಾಸಾದರೆ ಸಾಕು ಅಂದುಕೊಂಡಿದ್ದೆ.

ಇಂಜಿನಿಯರಿಂಗ್ ಓದುತ್ತೇನೆ ಅಂದಾಗ ಕುಬೇರಪ್ಪನವರು ಬೇಡ ಅನ್ನಲಿಲ್ಲ. ಓದಿದ ಹುಡುಗಿಗೆ ಒಳ್ಳೆಯ ವರ ಸಿಗುತ್ತಾನೆ ಎಂಬ ಲೆಕ್ಕ ಅವರದು. ಆದರೆ ಸಿವಿಲ್ ತೆಗೆದುಕೊಳ್ಳುತ್ತೇನೆ ಅಂದಾಗ ಮನೆಯಲ್ಲಿ ಗುಲ್ಲೆದ್ದಿತು. ಕಂಪ್ಯೂಟರ್ ತಗೋ, ನೆರಳಲ್ಲಿ ಕೂತು ಮಾಡುವ ಕೆಲಸ ಎಂದು ಸೋದರಮಾವನಿಂದ ಹಿಡಿದು ಹಾಲು ಹಾಕುವವನ ತನಕ ಎಲ್ಲರೂ ಬುದ್ಧಿ ಹೇಳಿದರು. ಅವಳ ಪರ ನಿಂತವಳು ತಾಯಿ ಸುಶೀಲವ್ವ ಒಬ್ಬಳೇ. ಹೊಲದಲ್ಲಿ ಬಿಸಿಲಿಗೆ ನಿಂತು ಹೆಣ್ಣಾಳು ದುಡಿಯಬಹುದಾದರೆ ನನ್ನ ಮಗಳೇನು ಮೇಣದ ಗೊಂಬೆಯೇ ಎಂದು ಕೇಳಿದಳಂತೆ ಆ ತಾಯಿ. ಕುಬೇರಪ್ಪನವರು ಒಪ್ಪಿದರು.

ಸಿವಿಲ್ ತರಗತಿಯಲ್ಲಿ ಹುಡುಗಿಯರು ಒಂದು ಬೆಂಚಿಗೆ ಸಾಲುವಷ್ಟಿದ್ದರು. ಓದು ಮುಗಿದಾಗ ಬಂದ ಕಂಪನಿಗಳವರು ಅವಳ ಅಂಕ ನೋಡಿ ಹುಬ್ಬೇರಿಸಿದರು, ಆಮೇಲೆ ಅವಳನ್ನು ನೋಡಿ ಹುಬ್ಬು ಇಳಿಸಿದರು. ತಪ್ಪು ತಿಳಿಯಬೇಡಿ, ಸೈಟಿನಲ್ಲಿ ಹೆಂಗಸರಿಗೆ ಪಾಯಖಾನೆ ಇರುವುದಿಲ್ಲ ಅಂದರು. ಕಟ್ಟುವವರು ಅವರೇ, ಒಂದು ಪಾಯಖಾನೆ ಕಟ್ಟಿಸಿದ್ದರೆ ಆಗುತ್ತಿತ್ತು. ಅವಳು ಹಟ ಹಿಡಿದು ಸರಕಾರಿ ಪರೀಕ್ಷೆ ಬರೆದು ಪಾಸಾದಳು. ಸರಕಾರ ಹೆಣ್ಣು ಎಂಬ ಕಾರಣಕ್ಕೆ ಬೇಡ ಅನ್ನುವಂತಿಲ್ಲ. ಆದರೆ ಕುರ್ಚಿ ಕೊಟ್ಟು ಒಳಗೆ ಕೂರಿಸಬಹುದು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಮೇಲಧಿಕಾರಿ ಪಾಂಡುರಂಗ ಸಾಹೇಬರು ಸೈಟಿಗೆ ಹೋಗೂಣು ಬರ್ರಿ ಎಂದು ಕರೆದರು. ನಂದಾ ಹೊಸ ಹೆಲ್ಮೆಟ್ಟು, ಅಳತೆ ಟೇಪು ಹಿಡಿದು ಜೀಪು ಹತ್ತಿದಳು. ಹಿಂದಿನ ಸೀಟಿನಲ್ಲಿ ಹಿತ್ತಾಳೆಯ ತಟ್ಟೆ, ಅದರಲ್ಲಿ ಅರಿಷಿಣ, ಕುಂಕುಮ, ಎರಡು ನೀಲಾಂಜನ, ಒಂದು ತೆಂಗಿನಕಾಯಿ. ಅವತ್ತು ಯಾವುದೋ ಕೆರೆಯ ಕೆಲಸಕ್ಕೆ ಗುದ್ದಲಿ ಪೂಜೆ, ದೊಡ್ಡವರು ಬರುವವರಿದ್ದರು. ಸೈಟಿನಲ್ಲಿ ಇಳಿದ ಕೂಡಲೇ ತಟ್ಟೆ ಅವಳ ಕೈಗೆ ಬಂತು, ಟೇಪು ಇನ್ನೊಬ್ಬರ ಕೈಗೆ ಹೋಯಿತು. ನಮ್ಮ ಆಫೀಸಿಗೆ ಲಕ್ಷ್ಮಿ ಬಂದಂತಾಯಿತು ಎಂದು ಸಾಹೇಬರು ಎಲ್ಲರೆದುರು ಹೊಗಳಿದರು. ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಗುದ್ದಲಿ ಹಿಡಿದವರಿಗೆಲ್ಲ ಹೆಸರಿತ್ತು, ತಟ್ಟೆ ಹಿಡಿದವಳಿಗೆ ಇರಲಿಲ್ಲ.

ಅಲ್ಲಿಂದ ಅದೇ ರೂಢಿಯಾಯಿತು. ನಮ್ಮ ಕಡೆ ಹೆಣ್ಣುಮಗಳ ಕೈಯ ಆರತಿ ಇಲ್ಲದೆ ಗುದ್ದಲಿ ನೆಲಕ್ಕೆ ಬೀಳುವುದಿಲ್ಲ, ಆ ಕಚೇರಿಯಲ್ಲಿ ಹೆಣ್ಣು ಇಂಜಿನಿಯರು ಇದ್ದವಳು ಇವಳೊಬ್ಬಳೇ. ತಟ್ಟೆ ಜೀಪಿನಲ್ಲಿ ಖಾಯಂ ಆಗಿ ಉಳಿಯಿತು, ಸ್ಟೆಪ್ನಿ ಟೈರಿನ ಹಾಗೆ. ಪೂಜೆ ಮುಗಿದ ಮೇಲೆ ಅವಳನ್ನು ಕಚೇರಿಗೆ ತಂದು ಬಿಡುತ್ತಿದ್ದರು, ಬೇರೆಯವರ ಕೆಲಸಗಳ ಎಸ್ಟಿಮೇಟು ಬರೆಯಲು. ಅವಳ ನಂತರ ಸೇರಿದ ಶಿಶಿರ ಎಂಬ ಹುಡುಗನಿಗೆ ಸೈಟಿನ ಮೇಲೆ ಸೈಟು ಸಿಕ್ಕವು. ಅವಳು ಕೇಳಿದಾಗಲೆಲ್ಲ ಪಾಂಡುರಂಗ ಸಾಹೇಬರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು. ನಿಮಗ್ಯಾಕೆ ಬಿಸಿಲು, ನಿಮಗ್ಯಾಕೆ ಕುಡುಕ ಗುತ್ತಿಗೆದಾರರ ಸಹವಾಸ, ನೀವು ನಮ್ಮ ಮನೆ ಮಗಳಿದ್ದಂತೆ. ಮನೆ ಮಗಳು ಅಂದರೆ ನಮ್ಮಲ್ಲಿ ಏನರ್ಥ ಎಂದು ನಿಮಗೆ ಗೊತ್ತಿದೆ. ಕೆಲಸ ಎಲ್ಲ ಮಾಡಬೇಕು, ಪಾಲು ಕೇಳಬಾರದು.

ಈ ನಡುವೆ ಅವಳ ಮದುವೆಯಾಯಿತು. ಗಂಡ ಹೇಮಂತ ಅಣ್ಣಿಗೇರಿಯ ಕಾಲೇಜಿನಲ್ಲಿ ಕಲಿಸುತ್ತಿದ್ದ. ಬೆಳಿಗ್ಗೆ ಹಿತ್ತಿಲಲ್ಲಿ ಹೆಂಡತಿಯ ಬೂಟಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ಕೂತಿರುತ್ತಿದ್ದ, ಹಾಗೆ ಕೂತಾಗ ನನ್ನ ಗಂಡ ನೋಡಲಿ ಎಂದು ನಾನು ಬೇಕೆಂದೇ ಕಿಟಕಿ ತೆರೆದಿಡುತ್ತಿದ್ದೆ. ನೋಡಿದರು, ಆದರೆ ಕಲಿಯಲಿಲ್ಲ.

ಆ ಬೂಟಿನ ಮಣ್ಣು ತಿರ್ಲಾಪುರದ್ದು. ಅಲ್ಲಿ ಊರಿಗೂ ಹೊಲಗಳಿಗೂ ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿ ಬಂದರೆ ಹತ್ತಿಯ ಹೊಲಕ್ಕೆ ಹೋದವರು ಆಚೆಯೇ ಕೂರಬೇಕು. ಅದಕ್ಕೊಂದು ಸಣ್ಣ ಸೇತುವೆ ಮಂಜೂರಾಯಿತು. ಕೆಲಸ ಮೊದಲು ಶಿಶಿರನ ಪಾಲಿಗೇ ಬಂದಿತ್ತು. ಎರೆಮಣ್ಣಿನ ಹಾದಿ, ಒಂದು ಹನಿ ಬಿದ್ದರೆ ಬೈಕಿನ ಗಾಲಿ ತಿರುಗುವುದಿಲ್ಲ, ಚಹಾ ಕುಡಿಯಲು ಒಂದು ಅಂಗಡಿ ಇಲ್ಲ. ಅವನು ಬೆನ್ನುನೋವು ಎಂದು ಜಾರಿಕೊಂಡ. ಉಳಿದವರಿಗೂ ಒಂದೊಂದು ನೋವು ಇತ್ತು. ಎಲ್ಲರೂ ಒಲ್ಲೆ ಎಂದ ಸೈಟು, ಅದಕ್ಕೇ ನಂದಾಳಿಗೆ ಸಿಕ್ಕಿತು. ಅವತ್ತು ಅವಳು ಹಿತ್ತಿಲಿಗೆ ಬಂದು ನನ್ನ ಕೈಗೆ ಪೇಢೆ ಕೊಟ್ಟಳು. ತನ್ನದೇ ಸೈಟು, ಬುನಾದಿಯಿಂದ ಸ್ಲ್ಯಾಬಿನ ತನಕ, ಅದರ ಮೇಲೆ ನಿಂತು ಮೊದಲ ಬುಟ್ಟಿಯಿಂದ ಕಡೆಯ ಬುಟ್ಟಿಯವರೆಗೆ ಕಾಂಕ್ರೀಟು ಬೀಳುವುದನ್ನು ನೋಡುತ್ತೇನೆ ಅಂದಳು. ಇಷ್ಟು ವರ್ಷದಲ್ಲಿ ಅವಳು ಬೇಡಿದ್ದು ಇದೊಂದೇ.

ಮೊದಮೊದಲು ಆ ಸೈಟಿನಲ್ಲಿ ಗಾರೆ ಕೆಲಸದ ಹಿರಿಯ ಗೌಂಡಿ ಯುನೂಸ್ ಅವಳನ್ನು ದಿನಾ ಕೇಳುತ್ತಿದ್ದನಂತೆ, ಇಂಜಿನಿಯರ್ ಸಾಹೇಬರು ಯಾವಾಗ ಬರುತ್ತಾರೆ ಎಂದು. ನಾನೇ ಇಂಜಿನಿಯರು ಎಂದು ಇವಳು ದಿನಾ ಹೇಳುತ್ತಿದ್ದಳು. ಬುನಾದಿಯ ಗುಂಡಿಯಲ್ಲಿ ನೀರು ಒಸರಿದ ದಿನ ಮೊಣಕಾಲುದ್ದ ಕೆಸರಲ್ಲಿ ಅವಳು ಸಂಜೆಯ ತನಕ ನಿಂತಳು, ಮರುದಿನದಿಂದ ಅವನು ಕೇಳುವುದು ಬಿಟ್ಟ. ನೀರು ಕುಡಿದರೆ ಹೊರಗೆ ಹೋಗಬೇಕಾಗುತ್ತದೆ ಎಂದು ಅವಳು ಸೈಟಿನಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಅದನ್ನು ಗಮನಿಸಿದವಳು ಕೂಲಿಯ ದುರ್ಗವ್ವ. ಬುಟ್ಟಿ ಹೊರುವ ಹೆಂಗಸರ ಮುಂದಾಳು ಅವಳು. ನಾಲ್ಕು ಗಳ ನೆಟ್ಟು ತನ್ನ ಹಳೆಯ ಸೀರೆ ಸುತ್ತಿ ಒಂದು ಮರೆ ಮಾಡಿಕೊಟ್ಟಳು. ಇಷ್ಟು ದೊಡ್ಡ ಇಲಾಖೆಗೆ, ಅಷ್ಟೊಂದು ಕಂಪನಿಗಳಿಗೆ ಆಗದ ಕೆಲಸ ಒಂದು ಹರಿದ ಸೀರೆಯಿಂದ ಆಯಿತು.

ಕಂಬಗಳು ಎದ್ದವು. ಸೆಂಟ್ರಿಂಗ್ ಹಲಗೆ ಕೂತವು. ಸ್ಲ್ಯಾಬಿನ ಸರಳು ಕಟ್ಟುವ ಹೊತ್ತಿಗೆ ಹೇಮಂತ ತೀರಿಕೊಂಡ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವನು ಎದೆ ಹಿಡಿದು ಕೂತನಂತೆ, ಮತ್ತೆ ಏಳಲಿಲ್ಲ. ಮಕ್ಕಳಿನ್ನೂ ಆಗಿರಲಿಲ್ಲ. ಆ ದಿನಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅವನ ಕೈಯಿಂದ ಒಂದು ಬದಿ ಮಾತ್ರ ಸ್ವಚ್ಛವಾದ ಬೂಟು ಹಿತ್ತಿಲ ಕಟ್ಟೆಯ ಮೇಲೆ ಎಷ್ಟೋ ದಿನ ಹಾಗೇ ಇತ್ತು, ನಮಗ್ಯಾರಿಗೂ ಎತ್ತಿಡುವ ಧೈರ್ಯವಾಗಲಿಲ್ಲ.

ಸುಶೀಲವ್ವ ಗುಡಗೇರಿಯಿಂದ ಬಂದು ಮಗಳ ಜೊತೆ ಉಳಿದಳು. ನಂದಾ ಹಣೆಗೆ ವಿಭೂತಿ ಮಾತ್ರ ಹಚ್ಚಿಕೊಂಡು ಕೆಲಸಕ್ಕೆ ಹೊರಟಳು. ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತದೆ, ಸೈಟು ಕಾಯುತ್ತಿದೆ ಅಂದಳು. ಸ್ವಲ್ಪ ದಿನಕ್ಕೆ ಯಾವುದೋ ಊರಲ್ಲಿ ಗುದ್ದಲಿ ಪೂಜೆ ಬಂತು. ಜೀಪು ಹೊರಟಿತು, ಅವಳನ್ನು ಯಾರೂ ಕರೆಯಲಿಲ್ಲ. ಟೈಪು ಮಾಡುವ ಹೆಣ್ಣುಮಗಳೊಬ್ಬಳನ್ನು ಕೂರಿಸಿಕೊಂಡು ಹೋದರು. ಸಂಜೆ ನಂದಾ ಬಂದು ಹೇಳಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಹಾಳಾದ ತಟ್ಟೆ ಹೇಗೋ ತೊಲಗಿತು ಎಂದು ನಾನಂದೆ, ಅವಳೂ ಹೇಮಂತ ಹೋದ ಮೇಲೆ ಮೊದಲ ಬಾರಿ ತುಸು ನಕ್ಕಳು. ಹುಚ್ಚರು ನಾವು. ತಟ್ಟೆಯ ಜೊತೆ ಟೇಪೂ ಹೋಗುತ್ತದೆ ಎಂದು ನಮಗೆ ಹೊಳೆಯಲೇ ಇಲ್ಲ.

ಸ್ಲ್ಯಾಬು ಹಾಕುವುದು ಒಂದು ಭಾನುವಾರ ಎಂದು ಗೊತ್ತಾಯಿತು. ನಂದಾಳಿಗೆ ಅದನ್ನು ಹೇಳಿದವರು ಕಚೇರಿಯವರಲ್ಲ, ಗೌಂಡಿ ಯುನೂಸ್. ಫೋನು ಮಾಡಿ, ಮೇಡಮ್ ನೀವು ಬರುತ್ತೀರಲ್ಲ ಎಂದು ಕೇಳಿದ. ಅವಳು ಸಾಹೇಬರನ್ನು ವಿಚಾರಿಸಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಬರುವುದಾದರೆ ಬನ್ನಿ, ಆದರೆ ಬರಲೇಬೇಕೆಂದೇನಿಲ್ಲ, ನಿಮ್ಮ ಮನಸ್ಸು ಸರಿ ಇರುವುದಿಲ್ಲ, ಶಿಶಿರ ನೋಡಿಕೊಳ್ಳುತ್ತಾನೆ. ಬೆನ್ನುನೋವಿನ ಶಿಶಿರ! ಅವನ ಬೆನ್ನು ಯಾವಾಗ ನೆಟ್ಟಗಾಯಿತು ಎಂದು ನಾನು ಕೇಳಿದೆ. ಕೆಸರು ಒಣಗಿದ ಮೇಲೆ ಅಂದಳು ನಂದಾ.

ಅವಳು ಹೋಗಿಯೇ ತೀರುತ್ತೇನೆ ಎಂದಾಗ ಅಡ್ಡ ಬಂದವಳು ಸುಶೀಲವ್ವ. ಸಿವಿಲ್ ಓದಿಸಲು ಗಂಡನೆದುರು ನಿಂತ ಅದೇ ಸುಶೀಲವ್ವ.

“ಪೂಜಿ ನಡಿಯೂ ಜಾಗಾ ಅದು. ನಾಲ್ಕ ಮಂದ್ಯಾಗ ಹೋಗಿ ಮಾನಾ ಕಳಕೊಂಡು ಬರಬ್ಯಾಡ, ನನ್ನವ್ವ,” ಅಂದಳು.

“ಪೂಜಿಗೆ ಹೊಂಟಿಲ್ಲವ್ವ, ಕೆಲಸಕ್ಕ ಹೊಂಟೀನಿ,” ಅಂದಳು ಮಗಳು.

ಸುಶೀಲವ್ವ ನನ್ನ ಕಡೆ ತಿರುಗಿದಳು. ಒಬ್ಬಳನ್ನೇ ಕಳಿಸಬೇಡಿ, ಜೊತೆಗೆ ಹೋಗಿ ಬನ್ನಿ ಎಂದು ನನ್ನ ಕೈ ಹಿಡಿದಳು. ಹಾಗೆ ನಾನು ತಿರ್ಲಾಪುರ ಕಂಡೆ.

ನಾವು ಬಸ್ಸಿಳಿದು ಹಳ್ಳದ ತನಕ ನಡೆದು ಮುಟ್ಟುವ ಹೊತ್ತಿಗೆ ಪೂಜೆ ಮುಗಿದಿತ್ತು. ಕಾಂಕ್ರೀಟು ಕಲಸುವ ಮಷಿನ್ನಿಗೆ ಚೆಂಡುಹೂವಿನ ಮಾಲೆ, ಕೆಳಗೆ ಒಡೆದ ಕಾಯಿ. ದೊಡ್ಡ ಪಂಪು ತರಿಸುವಷ್ಟು ದೊಡ್ಡ ಕೆಲಸವಲ್ಲ, ಹಲಗೆಯ ಇಳಿಜಾರು ಹಾದಿಯ ಮೇಲೆ ಹೆಂಗಸರು ಸಾಲಾಗಿ ಬುಟ್ಟಿ ಹೊತ್ತು ಏರಬೇಕು. ಮೇಲೆ ಶಿಶಿರ ಹೆಲ್ಮೆಟ್ಟು ಹಾಕಿ ನಿಂತಿದ್ದ. ನಂದಾ ನೆಟ್ಟಗೆ ಹಲಗೆಯ ಕಡೆ ನಡೆದಳು. ಗುತ್ತಿಗೆದಾರ ಪೆಂಡಾಲಿನ ಕಡೆ ನೋಡಿದ, ಪೆಂಡಾಲಿನಿಂದ ಪಾಂಡುರಂಗ ಸಾಹೇಬರು ಎದ್ದು ಬಂದರು.

“ನೀವು ಬರಬಾರದಿತ್ತು ನಂದಾ ಅವರ. ನನಗೇನ್ ಇಂಥಾದ್ದರಾಗ ನಂಬಿಕಿ ಇಲ್ಲ. ಆದ್ರ ಊರ ಮಂದಿ ಇದ್ದಾರ. ನಾಳೆ ಒಂದು ಬಿರುಕು ಬಿಟ್ರ ನಿಮ್ಮ ಹೆಸರು ಹೇಳ್ತಾರ.”

“ಬಿರುಕು ಬಿಟ್ರ ನನ್ನ ಹೆಸರನ ಹೇಳಬೇಕ್ರಿ ಸರ್. ಸೈಟ್ ನಂದೈತಿ.”

“ಇವತ್ತೊಂದಿನ ಬ್ಯಾಡ. ಹಟಾ ಮಾಡಬ್ಯಾಡ್ರಿ. ನೆರಳಿಗೆ ಕೂಡ್ರಿ, ಚಹಾ ಕಳಸ್ತೀನಿ.”

ಅವರ ದನಿ ಎಷ್ಟು ಮೆತ್ತಗಿತ್ತೆಂದರೆ, ಬೈದಿದ್ದರೆ ವಾಸಿ ಅನ್ನಿಸಿತು. ನಂದಾ ಸುತ್ತ ನೋಡಿದಳು. ಗುತ್ತಿಗೆದಾರ ಮುಖ ತಿರುಗಿಸಿದ. ಅವಳು ಬಂದು ಜಾಲಿಗಿಡದ ಕೆಳಗೆ ನನ್ನ ಪಕ್ಕ ಕೂತಳು. ಚಹಾ ನಿಜವಾಗಿಯೂ ಬಂತು. ಅವಳು ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ.

ಬಾಜುವಿನಲ್ಲಿ ಊರ ಹಿರಿಯರೊಬ್ಬರು ಬೀಡಿ ಸೇದುತ್ತ ಕೂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಗಂಡ ತೀರಿಕೊಂಡವಳು ಸ್ಲ್ಯಾಬು ಹತ್ತಬಾರದು ಎಂದು ನಿಮ್ಮ ಊರಿನವರು ಹೇಳಿದ್ದಾರಂತಲ್ಲ, ಹೌದೇ ಎಂದು ನೇರ ಕೇಳಿಬಿಟ್ಟೆ.

“ನಮ್ಮನ್ನ ಯಾರ ಕೇಳ್ಯಾರ್ರಿ ಬಾಯಾರ?” ಅಂದರು ಅವರು. “ಮಳಿಗಾಲದಾಗ ಹೊಲಕ್ಕ ಹೋಗಾಕ ದಾರಿ ಆದ್ರ ಸಾಕು ನಮಗ. ಕೆಸರಾಗ ನಿಂತು ಕೆಲಸಾ ತಗೊಂಡಾಕಿ ಅಕಿ. ಅಕೀನ್ಯಾಕ ಇಲ್ಲಿ ಕುಂದರ್ಸ್ಯಾರ?”

ಗುತ್ತಿಗೆದಾರ ಸಾಹೇಬರ ಮೇಲೆ ಹಾಕಿದ, ಸಾಹೇಬರು ಊರಿನ ಮೇಲೆ ಹಾಕಿದರು, ಊರಿಗೆ ಸುದ್ದಿಯೇ ಇಲ್ಲ. ಇದನ್ನು ನಂದಾಳಿಗೆ ಹೇಳಬೇಕೆಂದು ತಿರುಗಿದರೆ ಅವಳು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಸಾಲಾಗಿ ಏರುತ್ತಿದ್ದ ಬುಟ್ಟಿಗಳನ್ನೇ ನೋಡುತ್ತಿದ್ದಳು. ಮೊದಲ ಬುಟ್ಟಿ ಬಿದ್ದಾಗಿತ್ತು, ಅವಳು ಅದನ್ನು ಕಂಡಿರಲಿಲ್ಲ. ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ನೀರು ಕುಡಿಯಲೆಂದು ದುರ್ಗವ್ವ ಸಾಲು ಬಿಟ್ಟು ಗಿಡದ ಕೆಳಗಿದ್ದ ಕೊಡದ ಹತ್ತಿರ ಬಂದಳು. ತಲೆಯ ಮೇಲಿನ ಸಿಂಬಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡು, ಯಾಕೆ ಕೆಳಗೆ ಕೂತಿದ್ದೀರಿ ಎಂದು ನಂದಾಳನ್ನು ಕೇಳಿದಳು. ನಂದಾ ಹೇಳಿದಳು, ಮುಚ್ಚಿಡದೆ, ಒಂದೇ ಮಾತಿನಲ್ಲಿ. ದುರ್ಗವ್ವ ಸಾಲಿನ ಕಡೆ ಕೈ ಮಾಡಿದಳು.

“ಹಂಗಾದ್ರ ನಾವೇನ್ರಿ? ಆ ಸಾಲಿನ್ಯಾಗ ಗಂಡ ಇದ್ದಾಕಿ ಯಾರದಾಳ ತೋರಸ್ರಿ ನೋಡೂಣು. ಗಂಡ ಇದ್ದಿದ್ರ ಇಷ್ಟ ಭಾರಾ ಯಾರ ಹೊರತಿದ್ರ್ರಿ? ನನ್ನ ಗಂಡ ಸತ್ತ ಮೂರನೇ ದಿನಾ ಬುಟ್ಟಿ ಹೊತ್ತೀನಿ. ಬ್ಯಾಡ ಅಂತ ಒಬ್ಬರೂ ಅಂದಿಲ್ಲ.”

ಅವಳು ಅದನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ನಿಜಕ್ಕೂ ಉತ್ತರ ಬೇಕಾಗಿ ಕೇಳಿದಂತಿತ್ತು. ನಾನು ಆ ಸಾಲನ್ನು ನೋಡಿದೆ. ಬರಿಗೈಗಳು, ಬರಿ ಕೊರಳುಗಳು, ಒಬ್ಬಿಬ್ಬರ ಹಣೆಯಲ್ಲಿ ಮಾತ್ರ ಕುಂಕುಮ. ನಾವು ಬಂದಾಗಿನಿಂದ ನನ್ನ ಕಣ್ಣೆದುರೇ ಏರಿ ಇಳಿಯುತ್ತಿದ್ದರೂ ನನಗೆ ಕಂಡಿರಲಿಲ್ಲ. ಇಡೀ ಸೇತುವೆಯನ್ನು ವಿಧವೆಯರು ತಲೆಯ ಮೇಲೆ ಹೊತ್ತು ತಂದು ಸುರಿಯುತ್ತಿದ್ದರು, ಅಪಶಕುನದ ಮಾತೇ ಇಲ್ಲ. ಹೊರುವ ತಲೆಗೆ ಶಕುನವಿಲ್ಲ. ಅಳೆಯುವ ಕೈಗೆ ಮಾತ್ರ ಅದೆಲ್ಲ.

ನಂದಾ ಎದ್ದಳು. ಓಢಣಿ ತೆಗೆದು ಸುತ್ತಿ ಸಿಂಬಿ ಮಾಡಿಕೊಂಡಳು. ದುರ್ಗವ್ವ ಬದಿಗಿಟ್ಟಿದ್ದ ಬುಟ್ಟಿ ಎತ್ತಿಕೊಂಡಳು. ಬ್ಯಾಡ್ರಿ ಬಾಯಾರ, ಕುತ್ತಿಗೆ ಮುರಿಯುತ್ತದೆ ಎಂದು ದುರ್ಗವ್ವ ತಡೆದಳು. ನಂದಾ ಆಗಲೇ ಮಷಿನ್ನಿನ ಬಾಯಿಯ ಹತ್ತಿರ ಹೋಗಿದ್ದಳು.

ಅವಳು ಸಾಲಿನಲ್ಲಿ ನಿಂತಳು. ಅವಳ ಬುಟ್ಟಿ ತುಂಬಿತು. ಅವಳು ಹಲಗೆ ಏರತೊಡಗಿದಳು. ಗುತ್ತಿಗೆದಾರ ಹಲಗೆಯ ಬಾಯಲ್ಲೇ ನಿಂತಿದ್ದ, ಒಂದು ಮಾರು ದೂರದಿಂದ ಅವಳು ದಾಟಿಹೋದಳು, ಅವನು ಬ್ಯಾಗ ಬ್ಯಾಗ ನಡೀರಿ ಎಂದು ಸಾಲಿಗೆಲ್ಲ ಕೂಗಿದ್ದು ಬಿಟ್ಟರೆ ಬೇರೇನೂ ಅನ್ನಲಿಲ್ಲ. ತಲೆಯ ಮೇಲೆ ಬುಟ್ಟಿ ಇದ್ದ ಹೆಣ್ಣಿನ ಮುಖವನ್ನು ಯಾರೂ ನೋಡುವುದಿಲ್ಲ. ಅವಳು ಸ್ಲ್ಯಾಬಿನ ಮೇಲೆ ಹತ್ತಿದಳು. ಯಾರೂ ತಡೆಯಲಿಲ್ಲ.

ಮೇಲೆ ಏನಾಯಿತೆಂದು ಯುನೂಸ್ ಆಮೇಲೆ ಹೇಳಿದ. ಬುಟ್ಟಿ ಸುರಿದವಳನ್ನು ನೋಡಿ ಶಿಶಿರ ಬಾಯಿ ತೆರೆದು ನಿಂತನಂತೆ. ಅವಳು ಅವನ ಕಡೆ ನೋಡದೆ, ಕಂಬದ ಬದಿಗೆ ಕಾಂಕ್ರೀಟು ಸರಿಯಾಗಿ ಇಳಿದಿಲ್ಲ, ಅಲ್ಲಿ ಇನ್ನೊಮ್ಮೆ ವೈಬ್ರೇಟರ್ ಹಿಡಿ ಎಂದು ಯುನೂಸನಿಗೆ ಹೇಳಿದಳು. ಅವನು ಹೌದ್ರಿ ಮೇಡಮ್ ಎಂದು ಹಿಡಿದ. ಅವಳು ಇಳಿದು ಬಂದು ಮತ್ತೆ ತುಂಬಿಸಿಕೊಂಡಳು, ಮತ್ತೆ ಏರಿದಳು. ಪಾಂಡುರಂಗ ಸಾಹೇಬರಿಗೆ ಯಾವಾಗ ಗೊತ್ತಾಯಿತೋ, ಪೆಂಡಾಲಿನಲ್ಲಿ ಒಮ್ಮೆ ಎದ್ದು ನಿಂತವರು ಹಾಗೇ ಕೂತರು. ಅಷ್ಟು ಜನರೆದುರು ಏನೆಂದು ಕೂಗುತ್ತಾರೆ? ಇಂಜಿನಿಯರು ಕೆಳಗಿಳಿಯಲಿ ಅನ್ನಬೇಕೋ, ಕೂಲಿಯವಳು ಕೆಳಗಿಳಿಯಲಿ ಅನ್ನಬೇಕೋ? ಸಂಜೆ ಕಡೆಯ ಬುಟ್ಟಿ ಬೀಳುವ ತನಕ ನಂದಾ ಹೊತ್ತಳು.

ಬಸ್ಸಿನಲ್ಲಿ ಅವಳಿಗೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ನನಗೋ ಎದೆ ಉಬ್ಬಿಹೋಗಿತ್ತು. ನಾಳೆ ಶಾಲೆಯಲ್ಲಿ ಹುಡುಗಿಯರಿಗೆಲ್ಲ ಹೇಳುತ್ತೇನೆ, ನೀ ಗೆದ್ದೆ ಎಂದು ಏನೇನೋ ಬಡಬಡಿಸಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಕೇಳಿಸಿಕೊಂಡಳು.

“ಹೇಳಬ್ಯಾಡ್ರಿ ಅಕ್ಕಾರ,” ಅಂದಳು. “ಇಂಜಿನಿಯರ್ ಆಗಿ ಹತ್ತಾಕ ಬಿಡಲಿಲ್ಲ, ಕೂಲಿಯಾಕಿ ಆಗಿ ಹತ್ತಿದೆ. ಬುಟ್ಟಿ ಹೊರಾಕ ನಾ ಓದಬೇಕಾಗಿತ್ತೇನು? ಇದಕ್ಕ ಗೆದ್ದೆ ಅಂತ ಯಾರಿಗೂ ಹೇಳಬ್ಯಾಡ್ರಿ.”

ನಾನು ಹೇಳಲಿಲ್ಲ. ಈಗ ಹೇಳುತ್ತಿರುವುದು ಗೆದ್ದದ್ದನ್ನಲ್ಲ.

ಮನೆಯಲ್ಲಿ ಸುಶೀಲವ್ವ ಮಗಳ ಕುತ್ತಿಗೆಗೆ ಎಣ್ಣೆ ತಿಕ್ಕಿದಳು. ವಾರ ಕಳೆಯುವುದರೊಳಗೆ ಕಚೇರಿಯಿಂದ ನೋಟಿಸು ಬಂತು, ಹುದ್ದೆಯ ಘನತೆಗೆ ತಕ್ಕುದಲ್ಲದ ವರ್ತನೆ ಎಂದು. ಆ ಹುದ್ದೆಯ ಘನತೆ ಇಷ್ಟು ದಿನ ಎಲ್ಲಿತ್ತು ಎಂದು ಕೇಳಿ ಉತ್ತರ ಬರೆಯಲು ನಾನು ಹೇಳಿದೆ. ಅವಳು ಬರೆಯಲಿಲ್ಲ, ಕ್ಷಮಿಸಿ ಎಂದು ಎರಡು ಸಾಲು ಬರೆದು ಕೊಟ್ಟಳು. ಅವಳ ಸಂಬಳದ ಮೇಲೆ ಇಡೀ ಮನೆ ನಿಂತಿತ್ತು, ಶೌರ್ಯದ ಮಾತಾಡುವುದು ಹೊರಗಿನವರಿಗೆ ಸುಲಭ. ದುರ್ಗವ್ವನನ್ನು ಆ ಗುತ್ತಿಗೆದಾರ ಮುಂದಿನ ಕೆಲಸಕ್ಕೆ ಕರೆಯಲಿಲ್ಲ. ಇಂಜಿನಿಯರ್ ಬಾಯಾರಿಗೆ ಬುಟ್ಟಿ ಕೊಟ್ಟವಳು ಅವಳೇ ಎಂದು ಅವನಿಗೆ ಯಾರೋ ಹೇಳಿದ್ದರು. ಈಗ ಅವಳು ಮೆಣಸಿನಕಾಯಿ ಬಿಡಿಸಲು ಕುಂದಗೋಳದ ಕಡೆ ಹೋಗುತ್ತಾಳಂತೆ.

ಸೇತುವೆ ಉದ್ಘಾಟನೆಯಾಯಿತು. ಕಲ್ಲಿನ ಮೇಲೆ ಹೆಸರುಗಳಿವೆ. ದೊಡ್ಡವರ ಹೆಸರು, ಆಮೇಲೆ ಪಾಂಡುರಂಗ ಸಾಹೇಬರದು, ಕಡೆಗೆ ಶಿಶಿರನದು. ಶಿಶಿರ ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಬೈಯಲು ಅನುಕೂಲವಿತ್ತು. ನಮ್ಮ ಹಿತ್ತಿಲ ತನಕ ಬಂದು, ನಾನು ಹಾಕಿ ಅಂತ ಕೇಳಿರಲಿಲ್ಲ ಮೇಡಮ್, ಅವರೇ ಹಾಕಿದರು ಎಂದು ತಲೆ ತಗ್ಗಿಸಿ ಹೇಳಿಹೋದ. ಸುಳ್ಳಲ್ಲ ಅದು. ಅವನು ಯಾವತ್ತೂ ಏನನ್ನೂ ಕೇಳಿದವನಲ್ಲ, ಕೇಳದೆಯೇ ಸಿಗುತ್ತಿತ್ತು.

ನಂದಾ ಈಗ ನಕ್ಷೆಗಳ ವಿಭಾಗದಲ್ಲಿ ಕೂರುತ್ತಾಳೆ. ಕಿಟಕಿಯಿಂದ ಜೀಪು ನಿಲ್ಲುವ ಜಾಗ ಕಾಣುತ್ತದೆ. ಈ ವರ್ಷ ಕಚೇರಿಗೆ ಹೊಸ ಇಂಜಿನಿಯರು ಬಂದಳು, ಸಂಶಿಯ ಹುಡುಗಿ, ಹೆಸರು ಭಾವನಾ. ಸೇರಿದ ಮೂರನೇ ದಿನ ಅವಳು ಓಡುತ್ತ ನಂದಾಳ ಮೇಜಿಗೆ ಬಂದು, ಸಾಹೇಬರು ಸೈಟಿಗೆ ಕರೆದಿದ್ದಾರೆ ಎಂದು ಹೇಳಿದಳಂತೆ. ಹೊಸ ಹೆಲ್ಮೆಟ್ಟಿನ ಬೆಲ್ಟು ಹಾಕಿಕೊಳ್ಳಲು ಬರದೆ ಒದ್ದಾಡುತ್ತಿದ್ದಳು. ನಂದಾ ಬೆಲ್ಟು ಹಾಕಿಕೊಟ್ಟಳು. ಆಮೇಲೆ ಕೆಳಗಿಳಿದು ಒಂದು ಕ್ಷಣವೂ ಯೋಚಿಸದೆ ಜೀಪಿನ ಹಿಂಬಾಗಿಲು ತೆರೆದು, ಕುಂಕುಮ, ನೀಲಾಂಜನ ಸಮೇತ ಆ ತಟ್ಟೆಯನ್ನು ಎತ್ತಿಕೊಂಡಳು. ಡ್ರೈವರು ನೋಡುತ್ತ ನಿಂತ. ತಟ್ಟೆಯನ್ನು ತಂದು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ತಿರ್ಲಾಪುರದಲ್ಲಿ ಬಳಸಿದ ತನ್ನ ಟೇಪನ್ನು ಹುಡುಗಿಯ ಕೈಗೆ ಕೊಟ್ಟು, ಇದನ್ನು ಯಾರಿಗೂ ಕೊಡಬೇಡ ಎಂದಳು. ಜೀಪು ಹೊರಟಿತು.

ಆ ಸಂಜೆ ಭಾವನಾ ಟೇಪು ವಾಪಸು ಕೊಡಲು ನಮ್ಮ ಮನೆ ಹುಡುಕಿಕೊಂಡು ಬಂದಳು. ನಾವಿಬ್ಬರೂ ಹಿತ್ತಿಲ ಕಟ್ಟೆಯ ಮೇಲಿದ್ದೆವು. ಹುಡುಗಿಯ ಬೆರಳ ತುದಿಗಳೆಲ್ಲ ಕೆಂಪಾಗಿದ್ದವು, ನಲ್ಲಿಯ ಕೆಳಗೆ ತಿಕ್ಕಿ ತಿಕ್ಕಿ ತೊಳೆದಳು. ಸೈಟು ಹೇಗಿತ್ತು ಎಂದು ನಾನೇ ಕೇಳಿದೆ.

“ದಾರ್ಯಾಗ ಬಜಾರದಾಗ ಜೀಪ್ ನಿಲ್ಲಿಸಿ ಹೊಸಾ ತಟ್ಟಿ ತಗೊಂಡ್ರು,” ಅಂದಳು ಹುಡುಗಿ. “ಟೇಪ್ ಶಿಶಿರ ಸರ್ ಹಿಡಕೊಂಡಿದ್ರು. ನನ್ನ ಕೈ ಖಾಲಿ ಇರಲಿ ಅಂತ.”

ನಂದಾ ಟೇಪನ್ನು ಇಸಿದುಕೊಂಡು ಅದಕ್ಕೆ ಹತ್ತಿದ್ದ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಒಳಗೆ ಹೋಗಿ ಮೂವರಿಗೂ ಚಹಾ ಇಟ್ಟಳು. ಹಳೆಯ ತಟ್ಟೆ ಈಗಲೂ ಅವಳ ಕಪಾಟಿನಲ್ಲಿದೆ, ಅದನ್ನು ಯಾರೂ ಕೇಳಿಲ್ಲ.